ಟವೆಲ್ಲಿನಡಿ ಆರು ತಿಂಗಳು

ಬೆಳಗೋಡಿನ ಚಲುವಯ್ಯನೂ ನಾನೂ ದನದ ದಲ್ಲಾಳಿಗಳು. ಅವನು ಮಾರುವವರ ಕಡೆ, ನಾನು ಕೊಳ್ಳುವವರ ಕಡೆ. ನಮ್ಮ ಕಸುಬಿನಲ್ಲಿ ಬೆಲೆಯನ್ನು ಬಾಯಿ ಬಿಟ್ಟು ಹೇಳುವುದಿಲ್ಲ; ಕೈ ಮೇಲೆ ಟವೆಲ್ಲು ಹೊದೆಸಿ, ಅದರಡಿ ಎದುರಿನವನ ಬೆರಳು ಹಿಡಿದು ತಿಳಿಸುತ್ತೇವೆ. ಒಂದು ಬೆರಳಿಗೆ ಒಂದು, ಪೂರ್ತಿ ಅಂಗೈಗೆ ಐದು. ಚಲುವಯ್ಯ ಹಿಡಿದರೆ ಬೆರಳು ನೆಟಿಕೆ ಮುರಿಯಬೇಕು. ಟವೆಲ್ಲಿನ ಆಚೆಗೂ ಆ ಕೈ ಸುಮ್ಮನಿದ್ದದ್ದಿಲ್ಲ. ಎತ್ತಿನ ಕೊಂಬಿನ ಅಂದ ಹೇಳಹೊರಟನೆಂದರೆ ಹೋಟೆಲಿನಲ್ಲಿ ಒಂದು ಲೋಟವಾದರೂ ಉರುಳುತ್ತಿತ್ತು.

ತೊಂಬತ್ತೆಂಟರ ಮಳೆಗಾಲ ಮುಗಿದ ಮೇಲೆ ಅವನ ಮಾತು ಕಡಿಮೆಯಾಯಿತು. ವಯಸ್ಸಾಯಿತು, ಗಂಭೀರನಾದ ಎಂದುಕೊಂಡೆವು. ಮನೆಯ ಲೋಟಗಳು ಉಳಿದುವೆಂದು ಅವನ ಹೆಂಡತಿ ಬೆಟ್ಟಮ್ಮನಿಗೆ ಮೊದಮೊದಲು ಸಂತೋಷವೇ ಆಗಿತ್ತಂತೆ.

ಆಲೂರು ಸಂತೆಯಲ್ಲಿ ಟವೆಲ್ಲಿನಡಿ ಅವನ ಕೈ ಹಿಡಿದೆ. ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ನಾನು ಮೂರು ಹಿಡಿದರೂ ಸರಿ, ಎರಡು ಹಿಡಿದರೂ ಸರಿ. ಅಂದಿನಿಂದ ಗಮನಿಸಿದೆ. ಕೂತಲ್ಲಿ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಉಜ್ಜುತ್ತಲೇ ಇರುತ್ತಿತ್ತು. ಮಾತಾಡಿದರೂ ಕೈ ತೊಡೆ ಬಿಟ್ಟು ಏಳುತ್ತಿರಲಿಲ್ಲ, ಕಣ್ಣು ನೆಲ ಬಿಡುತ್ತಿರಲಿಲ್ಲ. ಒತ್ತಾಯ ಮಾಡಿದ ಮೇಲೆ, ನಿದ್ದೆ ಇಲ್ಲ, ಬದುಕೇ ಬೇಡವಾಗಿದೆ ಎಂದ. ಮರುದಿನವೇ ಹಾಸನಕ್ಕೆ ಕರೆದೊಯ್ದೆ.

ಡಾಕ್ಟರು ಅದು ಖಿನ್ನತೆ ಎಂದರು. ನಾನು ಕೈಯ ಸಂಗತಿ ಹೇಳಿದಾಗ ಪೆನ್ನು ಕೆಳಗಿಟ್ಟು ಕೇಳಿದರು. ಮನಸ್ಸು ಕುಗ್ಗಿದವರ ಕೈಯೂ ಹೀಗೆ ಮಂಕಾಗುವುದುಂಟಂತೆ. ಆರು ತಿಂಗಳು ಮಾತ್ರೆ ತಪ್ಪಿಸಬಾರದೆಂದು ಚೀಟಿ ಬರೆದರು.

ಹೊರಗೆ ಬಂದವನೇ ಚಲುವಯ್ಯ ಆ ಚೀಟಿಯನ್ನು ನನ್ನ ಜೇಬಿಗೆ ತುರುಕಿದ. ಹುಚ್ಚರ ಮಾತ್ರೆ ತಾನು ನುಂಗುವುದಿಲ್ಲವಂತೆ. ಬೈದೆ, ಬೇಡಿಕೊಂಡೆ, ಜಗ್ಗಲಿಲ್ಲ. ಕೊನೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ, ಟವೆಲ್ಲು ಹೊದೆಸಿ ಕೈ ಚಾಚಿದೆ.

"ಏನ್ ಮಾರಾಯ ಇದು, ಎತ್ತೆಲ್ಲೈತೆ?"

"ನೀನೇ ಎತ್ತು ಕಣೋ. ಎಷ್ಟ್ ತಿಂಗ್ಳು ಮಾತ್ರೆ ತಗೋತೀಯ, ಹಿಡಿ."

ಚಲುವಯ್ಯ ನನ್ನ ಒಂದು ಬೆರಳು ಹಿಡಿದ. ನಾನು ಅವನ ಪೂರ್ತಿ ಅಂಗೈ ಹಿಡಿದು, ಮೇಲೆ ಒಂದು ಬೆರಳು ಒತ್ತಿದೆ. ಅವನು ಎರಡಕ್ಕೆ ಬಂದ. ನಾನು ಇಳಿಯಲಿಲ್ಲ. ಮೂರಕ್ಕೆ ಬಂದ, ಈ ಸಲ ಒತ್ತಿದ್ದು ತುಸು ಗಟ್ಟಿಯಾಗಿಯೇ ಇತ್ತು. ಪಕ್ಕದಲ್ಲಿದ್ದ ಹೆಂಗಸು ಇಬ್ಬರಿಗೂ ತಲೆ ಕೆಟ್ಟಿದೆಯೆಂದುಕೊಂಡು ದೂರ ಸರಿದಳು. ಚಲುವಯ್ಯನ ತುಟಿಯಲ್ಲಿ ನಗು ಇಣುಕಿತು.

"ಒಂದ್ ತಿಂಗ್ಳೂ ಬಿಡಾಕಿಲ್ವೇನೋ?"

"ಬಿಡಾಕಿಲ್ಲ. ನೀನ್ ಹೋಗ್ಬುಟ್ರೆ ಸಂತೇಲಿ ನಾನ್ ಯಾರ್ ಬೆರಳು ಹಿಡೀಲಿ?"

ಅವನು ನನ್ನ ಪೂರ್ತಿ ಅಂಗೈ ಹಿಡಿದ. ಆಮೇಲೆ, ಇನ್ನೊಂದು ಬೆರಳು. ಹಿಡಿದ ಮೇಲೆ ತಪ್ಪುವ ದಲ್ಲಾಳಿ ನಮ್ಮಲ್ಲಿಲ್ಲ.

ಮಾತ್ರೆಯ ನಾಲ್ಕನೇ ತಿಂಗಳಲ್ಲಿ ಗಂಡ ಹೆಂಡತಿ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಹಗ್ಗ ಕಿತ್ತುಕೊಂಡು ಕಾಫಿ ತೋಟಕ್ಕೆ ನುಗ್ಗಿದ ಹೋರಿಯೊಂದರ ಕತೆಯನ್ನು ಚಲುವಯ್ಯ ತೆಗೆದ. ಬಲಗೈಯಲ್ಲಿ ಹೋರಿ ಓಡುತ್ತಿತ್ತು, ಎಡಗೈಯಲ್ಲಿ ಈರುಳ್ಳಿ ಚೀಲವಿತ್ತು. ತೋಟದ ಲೆಕ್ಕ ಬರೆಯುವ ರೈಟರು ಹೆದರಿ ಮರ ಹತ್ತುವ ಹೊತ್ತಿಗೆ ಒಂದು ಕೈ ಸಾಲದೆ ಚೀಲವನ್ನು ಬಿಟ್ಟೇಬಿಟ್ಟ. ಈರುಳ್ಳಿ ರಸ್ತೆ ತುಂಬ ಉರುಳಿದವು. ಬೆಟ್ಟಮ್ಮ ಬೈಯದೆ ಆರಿಸತೊಡಗಿದಳು. ಅಷ್ಟರಲ್ಲಿ ಬಸ್ಸು ಬಂತು. ಕತೆಯಲ್ಲಿ ಹೋರಿ ಇನ್ನೂ ಸಿಕ್ಕಿರಲಿಲ್ಲ. ಮುಂದಿನ ಬಸ್ಸಿಗೆ ಹೋದರಾಯಿತೆಂದು ಮೂವರೂ ಅಲ್ಲೇ ನಿಂತೆವು.