ದೊಡ್ಡಮ್ಮ ಹಾಕಿದ ದೊಡ್ಡಪ್ಪನ ಓಟು

ನನ್ನನ್ನು ಸಾಕಿದ ದೊಡ್ಡಪ್ಪನದು ಒಂದು ಪಕ್ಷ, ದೊಡ್ಡಮ್ಮನದು ಇನ್ನೊಂದು. ಮದುವೆಯಾದಾಗಿನಿಂದ ಹೀಗೇ. ಪ್ರತಿ ಚುನಾವಣೆಗೂ ಒಂದೇ ಜೀಪಿನಲ್ಲಿ ಮತಗಟ್ಟೆಗೆ ಹೋಗಿ, ಒಬ್ಬರ ಓಟನ್ನು ಇನ್ನೊಬ್ಬರು ಹೊಡೆದುಹಾಕಿ ಬರುತ್ತಿದ್ದರು. ಇಬ್ಬರೂ ಮನೆಯಲ್ಲೇ ಕೂತರೆ ಡೀಸೆಲ್ಲಾದರೂ ಉಳಿಯುತ್ತದೆ ಎಂದು ಜೀಪು ಓಡಿಸುವ ನಾನು ಗೊಣಗಿದರೆ ಇಬ್ಬರೂ ಸೇರಿ ನನ್ನ ಮೇಲೇ ಬೀಳುತ್ತಿದ್ದರು.

ಕಳೆದ ಚುನಾವಣೆಯ ಹೊತ್ತಿಗೆ ದೊಡ್ಡಪ್ಪನಿಗೆ ಎಂಬತ್ತೈದು ದಾಟಿತ್ತು, ಕಣ್ಣು ಪೂರ್ತಿ ಹೋಗಿತ್ತು. ಮನೆಯಿಂದಲೇ ಮತ ಹಾಕಲು ಅರ್ಜಿ ಕೊಟ್ಟೆವು. ಮತದಾನಕ್ಕೆ ಕೆಲವು ದಿನ ಮೊದಲೇ ಮೂಡಿಗೆರೆಯಿಂದ ಸಿಬ್ಬಂದಿ ಬಂದು ಜಗಲಿಯ ಮೇಲೆ ರಟ್ಟಿನ ಮರೆ ನಿಲ್ಲಿಸಿದರು. ಅಧಿಕಾರಿಯಾಗಿ ಬಂದಿದ್ದ ಟೀಚರು, ದೊಡ್ಡಪ್ಪ ಹೇಳಿದಂತೆ ಗುರುತು ಹಾಕಲು ಮನೆಯವರೊಬ್ಬರು ಬೇಕು ಎಂದರು. ನಾನು ಎದ್ದೆ.

“ನೀನು ಬೇಡ ಮಾರಾಯ. ನಿಂದು ಯಾವ ಕಡೆ ಅಂತ್ಲೇ ನಂಗೆ ಗೊತ್ತಿಲ್ಲ. ಇವ್ಳೇ ಹಾಕ್ಲಿ” ಎಂದರು ದೊಡ್ಡಪ್ಪ.

ಅವರ ಓಟು ಹೋಯಿತು ಎಂದೇ ಅಂದುಕೊಂಡೆ. ಮರೆಯ ಹಿಂದೆ ಪಿಸುಮಾತು ಕೇಳಿತು, ಬಳೆ ಸದ್ದಾಯಿತು. ಟೀಚರು ಲಕೋಟೆ ಅಂಟಿಸುತ್ತಾ, ಎಣಿಕೆಯ ದಿನ ಮೊದಲು ಎಣಿಸುವುದು ಇಂಥ ಮತಗಳನ್ನೇ ಎಂದಾಗ ದೊಡ್ಡಪ್ಪ ಉಬ್ಬಿಹೋದರು. ದೊಡ್ಡಮ್ಮ ಮಾತ್ರ ನಮ್ಮ ಮುಖ ನೋಡದೆ ಎದ್ದು ಅಡುಗೆಮನೆ ಸೇರಿದರು. ನನ್ನ ಅನುಮಾನ ಗಟ್ಟಿಯಾಯಿತು.

ದೊಡ್ಡಮ್ಮನಿಗೆ ಇನ್ನೂ ಅಷ್ಟು ವಯಸ್ಸಾಗಿರಲಿಲ್ಲ; ಅವರು ಮತಗಟ್ಟೆಗೇ ಹೋಗಬೇಕಿತ್ತು. ಮತದಾನದ ದಿನ ಬೆಳಿಗ್ಗೆ ಜೀಪು ತೆಗೆದು ಕರೆದರೆ ಅಲ್ಲಾಡಲಿಲ್ಲ.

“ನಾ ಬರಲ್ಲ. ಅವ್ರ ಓಟು ಅವ್ರು ಹೇಳ್ದಲ್ಲೇ ನನ್ ಕೈಯಾರೆ ಹಾಕಿದೀನಿ. ಈಗ ನಾನೇ ಹೋಗಿ ಅದನ್ನ ಹೊಡೆದುಹಾಕ್ಲಾ?”

ಅವರ ಕಣ್ಣಲ್ಲಿ ನೀರು. ಇಂಥ ದೊಡ್ಡಮ್ಮ ಯಾರಿಗುಂಟು ಎನಿಸಿತು.

ದೊಡ್ಡಪ್ಪ ಮಾತ್ರ ಕೋಲು ಕುಟ್ಟಿ ರೇಗಿದರು. “ನೀ ಹೋಗ್ದಿದ್ರೆ, ಕಣ್ಣಿಲ್ಲ ಅಂತ ಹೇಳಿ ನಿನ್ನ ಓಟು ನಾ ಕಸ್ಕೊಂಡಂಗಾಯ್ತಲ್ಲೆ! ಏಳು ಮಾರಾಯ್ತಿ. ನಾನೂ ಬರ್ತೀನಿ.”

ಬಂದರು ಕೂಡ. ಶಾಲೆಯ ಗೇಟಿನ ಹೊರಗೆ ಜೀಪಿನಲ್ಲೇ ಕೂತು ಕಾದರು. ದೊಡ್ಡಮ್ಮ ಮತ ಹಾಕಿ ಬಂದು ಪಕ್ಕದಲ್ಲಿ ಕೂತದ್ದೇ ದೊಡ್ಡಪ್ಪ ಅವರ ಎಡಗೈ ಹಿಡಿದು, ಬೆರಳು ತಡವಿ, ನನ್ನ ಕಡೆ ಮುಖ ಮಾಡಿ ಕೇಳಿದರು.

“ಶಾಯಿ ಹಾಕಿದಾರೇನೋ?”

“ಹಾಕಿದಾರೆ ದೊಡ್ಡಪ್ಪ.”

“ಹಾಂ. ಇನ್ನು ಎಣಿಸ್ಲಿ” ಎಂದರು.