ನಾಲ್ಕು ಬೆರಳಿನ ಎತ್ತರ

ಗಂಗಕ್ಕ, ಆ ಕಾರು ರಸ್ತೆ ಬಿಟ್ಟು ಗುಂಡಿಗಿಳಿದದ್ದು ನಿಮ್ಮ ಶೇಂಗಾ ಚೀಲದಿಂದಲ್ಲ. ನನ್ನಿಂದ. ಈ ಮಾತನ್ನು ನಾಲ್ಕು ವರ್ಷ ಬಾಯೊಳಗೇ ಇಟ್ಟುಕೊಂಡಿದ್ದೆ — ಉಗುಳಲೂ ಇಲ್ಲ, ನುಂಗಲೂ ಇಲ್ಲ.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗೊತ್ತಿರುವುದರ ಬೆನ್ನ ಹಿಂದೆಯೇ ಗೊತ್ತಿಲ್ಲದ್ದು ಅಡಗಿ ಕೂತಿದೆ.

ಆವತ್ತು ಚನ್ನಗಿರಿಯ ನನ್ನ ಗ್ಯಾರೇಜಿನಲ್ಲಿ ಇದ್ದವರು ನಾವು ಮೂವರೇ. ಕತ್ತಲಗೆರೆಯಿಂದ ಬಂದಿದ್ದ ನಿಮ್ಮ ತಮ್ಮ ಹಾಲಪ್ಪ, ಉಬ್ರಾಣಿಯ ಗಂಡನ ಮನೆಯಿಂದ ಬಂದಿದ್ದ ನೀವು, ಮತ್ತು ನಾನು. ಹಾಲಪ್ಪ ನನ್ನ ಜೊತೆ ಶಾಲೆ ಕಲಿತವನು. ಹೊನ್ನಾಳಿಯ ಹುಡುಗನೊಬ್ಬನಿಂದ ಹಳೇ ಕಾರು ಕೊಂಡು ನೇರ ನನ್ನ ಬಾಗಿಲಿಗೇ ತಂದು ನಿಲ್ಲಿಸಿದ್ದ. ಶೋಕಿಗೆ ಕೆಳಗಿಳಿಸಿದ ಕಾರು ಅದು. ಗಾಲಿಯ ಅರ್ಧ ಭಾಗ ಮಡ್‌ಗಾರ್ಡಿನೊಳಗೇ ಮುಳುಗಿತ್ತು. ನೀವು ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಸುತ್ತ ಒಂದು ಸುತ್ತು ಬಂದಿರಿ.

"ಏನೋ ಹಾಲಪ್ಪ, ಕಾರು ತಂದೀಯೋ, ಉಡ ಹಿಡ್ಕಂಬಂದೀಯೋ? ಹೊಟ್ಟೆ ನೆಲಕ್ಕೆ ಎಳ್ಕಂಡು ಹೊಂಟೈತಲ್ಲ!"

"ಒಂದೊಂದು ರೋಡ್ ಹಂಪಿಗೂ ಕೆಳಗೆ ಬಡಿತೈತಕ್ಕ. ಅದಕ್ಕೇ ಇವನ ಹತ್ರ ತಂದಿದ್ದು, ಮೊದ್ಲಿನಂಗೆ ಎತ್ರ ಮಾಡ್ಸಾಕೆ."

"ಮಾಡ್ಸು ಮತ್ತೆ. ಬಸುರಿ ಹುಡುಗಿನ ಇದ್ರಾಗೆ ಕರ್ಕಂಬಂದ್ರೆ, ಹೊಟ್ಯಾಗಿನ ಕೂಸು ಅಲ್ಲಿಂದ್ಲೇ ನಿನ್ನ ಬೈತೈತೆ."

ಮೂವರೂ ನಕ್ಕೆವು. ಆ ನಗು ಈಗಲೂ ಕಿವಿಯಲ್ಲಿದೆ — ಅದರಲ್ಲಿ ನನ್ನದೂ ಒಂದು ಪಾಲಿತ್ತಲ್ಲ ಎನ್ನುವುದೇ…

ಹಾಲಪ್ಪನ ಮಗಳು ಸುಮಿತ್ರಾಳನ್ನು ಜಗಳೂರಿಗೆ ಕೊಟ್ಟಿತ್ತು. ಏಳನೇ ತಿಂಗಳು. ಸೋಮವಾರ ಅಲ್ಲಿ ಕುಬುಸದ ಶಾಸ್ತ್ರ. ಕುಬುಸ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವುದು. ಕಾರು ಕೊಂಡಿದ್ದೇ ಅದಕ್ಕೆ.

ನಾನು ಆಗ ಹೇಳದೆ ಬಿಟ್ಟ ಮೊದಲ ಮಾತು ಇದು: ಆ ಕಾರನ್ನು ಕೆಳಗಿಳಿಸಿದವನೂ ನಾನೇ. ಹೊನ್ನಾಳಿಯ ಹುಡುಗ ಹಿಂದೊಮ್ಮೆ ಬಂದು ಹಟ ಹಿಡಿದಾಗ, ಅದರ ಸ್ಪ್ರಿಂಗುಗಳನ್ನು ಬಿಚ್ಚಿ ಒಂದೊಂದರಿಂದಲೂ ಒಂದು ಸುತ್ತು ಕತ್ತರಿಸಿ ಗುಜರಿಗೆ ಎಸೆದಿದ್ದೆ. ಹೇಳಿದ್ದರೆ ಹಾಲಪ್ಪ ನಾಲ್ಕು ಬೈಗುಳ ಬೈದು ನಗುತ್ತಿದ್ದ, ಅಷ್ಟೆ. ಆದರೆ ನಿಮ್ಮ ಎದುರಿಗೆ — "ಇಂಥ ಕೆಲಸ ಯಾವ ಮಂಗ್ಯಾ ಮಾಡಿದ್ನೋ" ಎಂದಿರಿ ನೀವು. ನಾನು ಆ ಕಾರನ್ನು ಮೊದಲ ಸಲ ನೋಡುತ್ತಿರುವವನಂತೆ ತಲೆ ಅಲ್ಲಾಡಿಸಿದೆ.

ಕತ್ತರಿಸಿದ ಸ್ಪ್ರಿಂಗ್ ಮತ್ತೆ ಬೆಳೆಯುವುದಿಲ್ಲ. ಕಾರನ್ನು ಮೊದಲಿನ ಎತ್ತರಕ್ಕೆ ತರಬೇಕಾದರೆ ಹೊಸವನ್ನೇ ಹಾಕಬೇಕು. ದಾವಣಗೆರೆಯ ಅಂಗಡಿಯಲ್ಲಿ ಕೇಳಿದೆ. ಆ ಗಾಡಿಯವು ಬರುವುದು ಮುಂದಿನ ವಾರ ಎಂದರು. ಆದರೆ ನಾನು ಹಾಲಪ್ಪನಿಗೆ ಶನಿವಾರ ಒಯ್ಯಿ ಎಂದುಬಿಟ್ಟಿದ್ದೆ. ಆಡಿದ ಮಾತಿಗೆ ಗಾಡಿ ಕೊಡುವವನು ಎಂಬ ಹೆಸರು ಊರಲ್ಲಿತ್ತು. ಆ ಹೆಸರು ಉಳಿಸಿಕೊಳ್ಳಲು ಹೋದೆ.

ಸ್ಪ್ರಿಂಗಿನ ಸುತ್ತುಗಳ ನಡುವೆ ದಪ್ಪ ರಬ್ಬರ್ ತುಂಡುಗಳನ್ನು ಕೊಯ್ದು ತುರುಕಿದೆ. ಕಾರು ಎದ್ದು ನಿಂತಿತು. ನೋಡುವವರಿಗೆ ಎತ್ತರ ಸರಿ. ಒಳಗಿರುವುದು ಮಾತ್ರ ಅದೇ ಮೋಟು ಸ್ಪ್ರಿಂಗು. ಗಾಡಿ ಜೋರಾಗಿ ಕುಪ್ಪಳಿಸಿದರೆ ಗಾಲಿ ಕೆಳಗೆ ಜೋಲುತ್ತದೆ, ಮೋಟು ಸ್ಪ್ರಿಂಗು ತನ್ನ ಕೂರುವ ಜಾಗ ತಪ್ಪುತ್ತದೆ, ರಬ್ಬರ್ ಕಳಚುತ್ತದೆ. ಇದು ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ. ಗೊತ್ತಿತ್ತು. ಒಂದು ಸಲ ಜಗಳೂರಿಗೆ ಹೋಗಿ ಬರಲಿ, ಆಮೇಲೆ ಹೊಸದು ಹಾಕಿದರಾಯಿತು ಎಂದುಕೊಂಡೆ.

ನಮ್ಮ ಅಜ್ಜ ಎತ್ತಿನ ಗಾಡಿ ಮಾಡುತ್ತಿದ್ದವನು. "ಅಚ್ಚಿನ ಕೆಲಸದಾಗೆ ಸುಳ್ಳು ಮಾಡಬ್ಯಾಡ ಕಣೋ, ಅದ್ರ ಮ್ಯಾಲೆ ಮಂದಿ ಕೂರ್ತಾರೆ" ಎನ್ನುತ್ತಿದ್ದ. ಎಷ್ಟೋ ಸಲ ಈ ಮಾತನ್ನು ಗಿರಾಕಿಗಳಿಗೆ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೇನೆ. ಆ ಶುಕ್ರವಾರ ಮಾತ್ರ ಅಜ್ಜ ನೆನಪಿಗೆ ಬರಲಿಲ್ಲ — ಬಂದನೋ ಏನೋ, ನಾನೇ ಮುಖ ತಿರುಗಿಸಿಕೊಂಡೆನೋ.

ಶನಿವಾರ ಮತ್ತೆ ನೀವಿಬ್ಬರೂ ಬಂದಿರಿ. ಬಿತ್ತುವಾಗ ಬೀಜ ಎಷ್ಟು ಆಳಕ್ಕೆ ಬೀಳಬೇಕೆಂದು ಬೆರಳಲ್ಲೇ ಅಳೆಯುವ ಕೈ ನಿಮ್ಮದು. ಬಗ್ಗಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕೈ ಅಡ್ಡ ಹಿಡಿದಿರಿ.

"ನಾಲ್ಕು ಬೆರಳು ಆರಾಮಾಗಿ ಹಿಡಿತೈತೆ. ಈಗ ಕಾರು ಅಂದ್ರೆ ಕಾರು."

"ಸ್ಪ್ರಿಂಗ್ ಹೊಸವು ತಾನೇ?" ಹಾಲಪ್ಪ ಕೇಳಿದ.

"ಹೂಂ" ಎಂದೆ.

ಒಂದೇ ಅಕ್ಷರ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಆವರೆಗೆ ಆಡಿರಲಿಲ್ಲ. ಆಮೇಲೆ ಆಡಿದೆ.

ಸೋಮವಾರ ನೀವು ಹೋಳಿಗೆ, ಕರ್ಜಿಕಾಯಿ, ರೊಟ್ಟಿಗಳ ಬುತ್ತಿ ಹೊತ್ತು ಹೋದಿರಿ. ಬುತ್ತಿ ತಂದ ಬುಟ್ಟಿ ಬರಿದಾಗಿ ತಿರುಗಬಾರದು. ಬೀಗರು ಬುಟ್ಟಿ ತುಂಬಿಸಿದ್ದಲ್ಲದೆ ಒಂದು ಚೀಲ ಶೇಂಗಾ ಕೊಟ್ಟರು. ಹಾಲಪ್ಪನ ಹೆಂಡತಿ ರತ್ನಮ್ಮ, ಜಾಗ ಇಲ್ಲ, ಚೀಲ ಇರಲಿ ಬಿಡ್ರಿ ಎಂದಳಂತೆ. ನೀವೇ "ಹೆಣ್ಣು ಕರ್ಕಂಡು ಹೋಗೋವಾಗ ಕೊಟ್ಟಿದ್ದು ಬ್ಯಾಡ ಅನ್ನಬಾರದು" ಎಂದು ಡಿಕ್ಕಿಯಲ್ಲಿ ಇಡಿಸಿದಿರಂತೆ. ಸುಮಿತ್ರಾಳನ್ನು ಹಿಂದಿನ ಸೀಟಿನಲ್ಲಿ ನೀವೂ ರತ್ನಮ್ಮನೂ ನಡುವೆ ಕೂರಿಸಿಕೊಂಡಿರಿ.

ಜಗಳೂರು ದಾಟಿ ಸ್ವಲ್ಪ ದೂರಕ್ಕೆ ಒಂದು ಹಂಪು. ಬಣ್ಣ ಹೋಗಿದ್ದ ಹಂಪು, ಹಾಲಪ್ಪನಿಗೆ ಕಾಣಲಿಲ್ಲ. ಕಾರು ಹಾರಿ ಬಿತ್ತು. ಹಿಂದಿನ ಒಂದು ಮಗ್ಗುಲು ಕುಸಿದು ಗಾಲಿ ಮೇಲಿನ ಮಡ್‌ಗಾರ್ಡಿಗೆ ತಾಗಿ ಹಿಡಿದುಕೊಂಡಿತು. ಕಾರು ಎಳೆದುಕೊಂಡು ಹೋಗಿ ರಸ್ತೆ ಪಕ್ಕದ ಗುಂಡಿಗೆ ಬಿತ್ತು. ನಿಮ್ಮ ಕೈ ಮುರಿಯಿತು. ಸುಮಿತ್ರಾ ಉಳಿದಳು. ಕೂಸು ಉಳಿಯಲಿಲ್ಲ.

ಕಾರನ್ನು ಎಳೆದು ತಂದದ್ದು ನನ್ನ ಗ್ಯಾರೇಜಿಗೇ. ಹಾಲಪ್ಪ ಬೇರೆ ಯಾರನ್ನೂ ನಂಬುತ್ತಿರಲಿಲ್ಲ ನೋಡಿ. ಕೆಳಗೆ ತೂರಿ ನೋಡಿದೆ. ಹಿಂದಿನ ಬಲಗಡೆಯ ಸ್ಪ್ರಿಂಗು ಸೊಟ್ಟಗೆ ನಿಂತಿತ್ತು, ರಬ್ಬರ್ ತುಂಡೊಂದು ಅದರೊಳಗೆ ನುಜ್ಜಾಗಿ ಸಿಕ್ಕಿಕೊಂಡಿತ್ತು. ಯಾರೂ ಇರಲಿಲ್ಲ. ಆ ತುಂಡನ್ನು ಕಿತ್ತು ಹಳೇ ಎಣ್ಣೆ ಡಬ್ಬಿಯೊಳಗೆ ಹಾಕಿ ಮುಚ್ಚಿದೆ. ಅಂಗಡಿಗೆ ಬಂದಿದ್ದ ಹೊಸ ಸ್ಪ್ರಿಂಗುಗಳನ್ನು ತಂದು ಹಾಕಿದೆ. ಎತ್ತರ ಅದೇ. ನಾಲ್ಕು ಬೆರಳು. ಕೈ ಅಡ್ಡ ಹಿಡಿದು ನೋಡುವವರಿಗೆ ಒಂದು ಕೂದಲೆಳೆ ವ್ಯತ್ಯಾಸವೂ ಇಲ್ಲ.

ಹಾಲಪ್ಪ ಏನಾಗಿತ್ತೆಂದು ಕೇಳಿದ. "ಹಿಂದೆ ಲೋಡು ಜಾಸ್ತಿ ಆಗೈತೆ" ಎಂದೆ.

ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು — ಇಲ್ಲ, ಅದೂ ಗೊತ್ತಿತ್ತು. ಎಲ್ಲೋ ಒಂದು ಕಡೆ ಮುಟ್ಟಲಿ, ನನ್ನ ಹತ್ತಿರ ಬಾರದಿದ್ದರೆ ಸಾಕು ಎಂದೇ ಆಡಿದ ಮಾತು ಅದು. ರತ್ನಮ್ಮ ಆಸ್ಪತ್ರೆಯ ವರಾಂಡದಲ್ಲಿ ಎಲ್ಲರ ಎದುರು ನಿಮಗೆ ಅಂದಳಂತಲ್ಲ — "ನಿನ್ನ ಶೇಂಗಾ ಚೀಲ ನನ್ನ ಮೊಮ್ಮಗನ್ನ ತಿಂತು" ಎಂದು. ಅದನ್ನು ಅಂದದ್ದು ಅವಳ ಬಾಯಿ, ಅನ್ನಿಸಿದ್ದು ನನ್ನದು.

ಆಮೇಲೆ ನೀವೇ ಬಂದಿರಿ ಗಂಗಕ್ಕ. ಕೈಗೆ ಪಟ್ಟಿ, ಕೊರಳಿಗೆ ಜೋಳಿಗೆ ಕಟ್ಟಿಕೊಂಡು, ಒಬ್ಬರೇ. ಕೂರಿ ಎಂದರೂ ಕೂರಲಿಲ್ಲ.

"ರುದ್ರೇಶಿ, ನೀನು ಗಾಡಿ ಒಳಗೆಲ್ಲ ನೋಡಿದೋನು. ನಿಜ ಹೇಳಪ್ಪ. ಆ ಚೀಲದಿಂದ್ಲೇ ಆತೇನು?"

ಆ ಡಬ್ಬಿ ನಿಮ್ಮ ಕಾಲಿನಿಂದ ಒಂದು ಮಾರು ದೂರದಲ್ಲಿತ್ತು.

"ಹೂನಕ್ಕ," ಎಂದೆ. "ಲೋಡು ತಡ್ಕಂಡಿಲ್ಲ."

ನೀವು ಅಳಲಿಲ್ಲ. "ಹಂಗಾರೆ ರತ್ನಿ ಅಂದಿದ್ದು ಸರಿ ಐತೆ ಬಿಡು" ಎಂದು ಇದ್ದೊಂದು ಕೈಯಲ್ಲಿ ಸೆರಗು ಸರಿ ಮಾಡಿಕೊಂಡು ಬಸ್ ನಿಲ್ದಾಣದ ಕಡೆ ನಡೆದಿರಿ. ಕೂಗಿ ಕರೆದಿದ್ದರೆ ಕೇಳಿಸುವಷ್ಟು ಹತ್ತಿರದಲ್ಲೇ ಬಹಳ ಹೊತ್ತು ನಡೆದಿರಿ.

ತವರಿನವರು ನಿಮ್ಮನ್ನು ಕರೆಯುವುದು ಬಿಟ್ಟರು. ಹಾಲಪ್ಪನ ಮಗನ ಮದುವೆಗೂ ಹೇಳಲಿಲ್ಲ. ಉಬ್ರಾಣಿಯಲ್ಲೂ ನೀವು ಯಾರ ಮನೆಯ ಕುಬುಸಕ್ಕೂ ಹೋಗುವುದಿಲ್ಲವೆಂದು, ಕರೆದರೆ ಏನಾದರೊಂದು ನೆಪ ಹೇಳುತ್ತೀರೆಂದು ಕೇಳಿದೆ. ಕೇಳುತ್ತಲೇ ನಟ್ಟು ಬಿಗಿಯುತ್ತಿದ್ದೆ.

ಈ ವರ್ಷ ಸುಮಿತ್ರಾ ಮತ್ತೆ ಬಸುರಿ. ಜಗಳೂರಿಗೆ ಹೋಗುವ ಮುಂಚೆ ಒಂದು ಸಲ ನೋಡಿ ಕೊಡು ಎಂದು ಹಾಲಪ್ಪ ಅದೇ ಕಾರು ತಂದ. ಬಗ್ಗಿದ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕೈ ಅಡ್ಡ ಹಿಡಿದ — ಥೇಟ್ ನಿಮ್ಮ ಹಾಗೆಯೇ. ಎದ್ದು, ಕೈ ಒರೆಸಿಕೊಳ್ಳುತ್ತ, "ಈ ಸಲ ಅಕ್ಕನ್ನ ಕರೆಯಲ್ಲ. ಒಂದ್ಸಲ ಉಂಡಿದ್ದು ಸಾಕು" ಎಂದ.

ನಾನು ಒಳಗೆ ಹೋಗಿ ಆ ಡಬ್ಬಿ ತಂದು ಅವನ ಮುಂದೆ ಬಗ್ಗಿಸಿದೆ. ಯಾಕೆ ಅದನ್ನು ಎಸೆಯದೆ ಇಟ್ಟುಕೊಂಡಿದ್ದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕತ್ತರಿಸಿದ್ದು, ತುರುಕಿದ್ದು, ಕಿತ್ತು ಬಚ್ಚಿಟ್ಟದ್ದು — ಎಲ್ಲ ಹೇಳಿದೆ. ಅವನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ರಬ್ಬರ್ ತುಂಡನ್ನು ಅಂಗೈಗೆ ಎತ್ತಿಕೊಂಡ.

"ನಾಲ್ಕು ವರ್ಷ ನನ್ನ ಅಕ್ಕನ್ನ ನನ್ನ ಕೈಯಿಂದ್ಲೇ ಹೊರಗೆ ಹಾಕ್ಸಿದ್ಯಲ್ಲೋ" ಎಂದ. ತುಂಡನ್ನು ಜೇಬಿಗೆ ಹಾಕಿಕೊಂಡು ಕಾರು ಹತ್ತಿ ಹೊರಟುಹೋದ. ಮತ್ತೆ ಈ ಕಡೆ ಬಂದಿಲ್ಲ, ಬರುವುದೂ ಬೇಡ.

ಹಾಲಪ್ಪನಿಂದ ನಿಮಗೆ ತಿಳಿದಿದ್ದರೂ, ನಾನೇ ನಿಮ್ಮ ಮುಂದೆ ನಿಂತು ಹೇಳಬೇಕಾದದ್ದು ಇದು. ಫೋನು ಮಾಡಿದೆ, ನೀವು ಎತ್ತಲಿಲ್ಲ. ಅದಕ್ಕೇ ಬರೆದೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಹಳೇ ಗಾಡಿಗಳನ್ನು ಈಗಲೂ ತರುತ್ತಾರೆ, ಇಳಿಸು ಎನ್ನುತ್ತಾರೆ, ಎತ್ತರಿಸು ಎನ್ನುತ್ತಾರೆ. ಇಳಿಸುವ ಕೆಲಸ ಬಿಟ್ಟಿದ್ದೇನೆ. ಎತ್ತರಿಸಬೇಕೆಂದರೆ ಹೊಸ ಸ್ಪ್ರಿಂಗು ಬರುವವರೆಗೆ ಗಾಡಿ ನನ್ನಲ್ಲೇ ನಿಲ್ಲುತ್ತದೆ, ಯಾರು ಎಷ್ಟು ಕೂಗಾಡಿದರೂ. ಇದರಿಂದ ನಿಮಗೆ ಆಗಬೇಕಾದದ್ದು ಏನೂ ಇಲ್ಲ ಎನ್ನುವುದೂ ಗೊತ್ತಿದೆ.

ಹಾಲಪ್ಪ ಉಬ್ರಾಣಿಗೆ ಬಂದು ನಿಮ್ಮ ಅಂಗಳದಲ್ಲಿ ನಿಂತು ಎಲ್ಲ ಹೇಳಿದನಂತೆ. ನೀವು ಪೂರ್ತಿ ಕೇಳಿ, "ಬರ್ತೀನಿ, ನೀ ನಡಿ" ಎಂದಿರಂತೆ. ಅವನು ಕಾರಿನ ಬಾಗಿಲು ತೆಗೆದು ನಿಂತರೂ ಹತ್ತಲಿಲ್ಲವಂತೆ. ಕುಬುಸದ ದಿನ ಜಗಳೂರಿಗೆ ಬಸ್ಸಿನಲ್ಲಿ ಹೋದಿರಂತೆ. ಸುಮಿತ್ರಾಳಿಗೆ ಅರಿಸಿನ ಹಚ್ಚಿ, ಆರತಿ ಎತ್ತಿ, ಉಂಡು ಮತ್ತೆ ಬಸ್ಸಿಗೇ ಹೊರಟಿರಂತೆ. ಬೀಗರು ಬುಟ್ಟಿ ತುಂಬಿಸಿ ಕೊಡಲೆಂದು ನಿಮ್ಮ ಬುಟ್ಟಿ ಹುಡುಕಿದರಂತೆ. ಈ ಸಲ ನೀವು ಬುತ್ತಿ ತಂದಿರಲಿಲ್ಲ, ತುಂಬಿಸಿ ಕೊಡಲು ಬುಟ್ಟಿಯೇ ಇರಲಿಲ್ಲ.