ಬಕ್ಕಪ್ಪನ ಬೆಕ್ಕಿನ ಗೂಡು

ಬಕ್ಕಪ್ಪನಿಗೆ ಬೆಕ್ಕು ಕಂಡರೆ ಆಗುತ್ತಿರಲಿಲ್ಲ. ಭಾಲ್ಕಿ ತಾಲೂಕಿನ ಸಾಯಗಾಂವದಲ್ಲಿ ಅರ್ಧ ಆಯುಷ್ಯ ಕುರಿ ಕಾಯ್ದವನು. ಉಣ್ಣೆ ಕೊಡದ, ಕರೆದರೆ ತಿರುಗಿಯೂ ನೋಡದ ಪ್ರಾಣಿಯ ಮೇಲೆ ಅವನಿಗೆಂಥ ಮಮತೆ? ಮೊಣಕಾಲು ಕೈಕೊಟ್ಟ ಮೇಲೆ ಹಿಂಡನ್ನು ತಮ್ಮನಿಗೆ ಒಪ್ಪಿಸಿ, ಬೀದರದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಒಂದು ಗೋದಾಮಿನ ಕಾವಲಿಗೆ ಬಂದ. ಅಲ್ಲಿ ಕಾಯುವುದಕ್ಕೆ ಇದ್ದದ್ದು ಬೀಗ ಹಾಕಿದ ಶಟರ್ ಮಾತ್ರ. ಜೀವವಿಲ್ಲದ್ದನ್ನು ಕಾಯುವುದು ಅವನಿಗೆ ಶಿಕ್ಷೆಯೇ ಆಗಿತ್ತು.

ಡಿಸೆಂಬರಿನಲ್ಲಿ ಗೇಟಿನ ಪಕ್ಕದ ಇಟ್ಟಿಗೆ ರಾಶಿಯೊಳಗೆ ಒಂದು ಬೂದು ಬೆಕ್ಕು ಮೂರು ಮರಿ ಹಾಕಿತು. ಬೀದರದ ಚಳಿ ಗೊತ್ತಲ್ಲ, ಎಲುಬಿನೊಳಗೆ ಹೊಗುತ್ತದೆ. ನಡುಗುವ ಮರಿಗಳನ್ನು ನೋಡಿ ಬಕ್ಕಪ್ಪನ ಕೈ ಸುಮ್ಮನಿರಲಿಲ್ಲ. ಪಕ್ಕದ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಮಹಾಮಾಯಾಳನ್ನು ಕೇಳಿ ಒಂದು ಥರ್ಮಾಕೋಲ್ ಡಬ್ಬಿ ತಂದ. ಚಾಕುವಿನಿಂದ ಬಾಯಿ ಕೊರೆದ, ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಸುತ್ತಿದ, ತನ್ನ ಕಂಬಳಿಯನ್ನೇ ಹರಿದು ಒಳಗೆ ಹಾಸಿದ. ಎಷ್ಟೋ ದಿನಗಳ ಮೇಲೆ ಅವನಿಗೆ ಖುಷಿಯಾಗಿತ್ತು.

ಕತ್ತಲಾಗುತ್ತಲೇ ಮರಿಗಳನ್ನು ಒಳಗಿಟ್ಟ. ತಾಯಿಯನ್ನು ಮಾತ್ರ ಹೊರಗೆ ಅಟ್ಟಿ, ಗಾಳಿಯಾಡುವಷ್ಟು ಸಂದು ಬಿಟ್ಟು, ಡಬ್ಬಿಯ ಬಾಯಿಗೆ ಇಟ್ಟಿಗೆ ಅಡ್ಡ ಇಟ್ಟ. ಕುರಿಗಾರರ ಪದ್ಧತಿಯೇ ಅದು. ಎಳೆಮರಿ ದೊಡ್ಡವುಗಳ ಕಾಲಡಿ ಸಿಕ್ಕು ಸಾಯಬಾರದೆಂದು ರಾತ್ರಿ ಬೇರೆ ಕೂಡಿ ಹಾಕುತ್ತಾರೆ. ಬೆಕ್ಕು ಡಬ್ಬಿಯ ಸುತ್ತ ಒದರುತ್ತ ತಿರುಗಿತು. ಕುರಿಯೂ ಮೊದಲ ದಿನ ಒದರುತ್ತದೆ ಎಂದುಕೊಂಡ ಬಕ್ಕಪ್ಪ ಕಿವಿಗೆ ರುಮಾಲು ಸುತ್ತಿಕೊಂಡು ಕುಳಿತ.

ಬೆಳಿಗ್ಗೆ ಇಟ್ಟಿಗೆ ಸರಿಸಿ ನೋಡಿದರೆ ಎರಡು ಮರಿ ಸೆಟೆದುಹೋಗಿದ್ದವು. ಮೂರನೆಯದು, ಬಿಳಿಯದು, ಇನ್ನೂ ಉಸಿರಾಡುತ್ತಿತ್ತು.

ಕೆಲಸಕ್ಕೆ ಬಂದ ಮಹಾಮಾಯಾ ಅಲ್ಲೇ ನಿಂತಳು. "ತಾಯೀನ್ನ ಯಾಕ ಹೊರಗ ಹಾಕೀರಿ ಕಾಕಾ?"

"ಕುರಿಮರಿ ಹಿಂಗೇ ಕೂಡಿ ಹಾಕ್ತೇವವ್ವ. ಒಂದಕ್ಕೊಂದು ಮೈ ಹಚ್ಚಿ ನಲವತ್ತು ಮರಿ..." ಎನ್ನುತ್ತ ಸತ್ತ ಮರಿಗಳನ್ನು ಅಂಗೈಗೆ ಎತ್ತಿಕೊಂಡ. ನಲವತ್ತು ಮರಿಗಳ ಬಿಸಿ ಎಲ್ಲಿ, ಈ ಮೂರು ಜೀವಗಳ ಬಿಸಿ ಎಲ್ಲಿ? ಇವಕ್ಕೆ ತಾಯಿಯ ಹೊಟ್ಟೆ ಬಿಟ್ಟರೆ ಬೇರೆ ಬೆಂಕಿ ಇರಲಿಲ್ಲ. "ನಾನೇ ಕೊಂದ್ನೆವ್ವ," ಎಂದ.

ಅಷ್ಟರಲ್ಲಿ ಬೆಕ್ಕು ಬಂದು, ಉಳಿದ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಕಾಂಪೌಂಡ್ ಹಾರಿ ಹೋಯಿತು.

ಆ ದಿನ ಬಕ್ಕಪ್ಪ ಬುತ್ತಿ ಬಿಚ್ಚಲಿಲ್ಲ. ಡಬ್ಬಿ ತೊಳೆದು ಒಣಗಿಸಿ, ತಾಯಿ ಸಲೀಸಾಗಿ ಹೊಕ್ಕು ಹೊರಡುವಂತೆ ಬಾಯಿ ಅಗಲಿಸಿ, ಒಣಹುಲ್ಲು ತುಂಬಿ, ಗೋಡೆಯಾಚೆ ಇಟ್ಟುಬಂದ. ದಿನಾ ಬೆಳಿಗ್ಗೆ ಹೋಗಿ ಹುಲ್ಲಿನೊಳಗೆ ಕೈಹಾಕಿ ನೋಡುತ್ತಿದ್ದ. ಹುಲ್ಲು ತಣ್ಣಗಿರುತ್ತಿತ್ತು.

"ಇನ್ನ ಅದು ನನ್ನ ಹ್ಯಾಂಗ ನಂಬ್ತದವ್ವ?" ಎಂದು ಮಹಾಮಾಯಾಳನ್ನು ಕೇಳುತ್ತಿದ್ದ.

ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಎಂದಿನಂತೆ ಖಾಲಿ ಡಬ್ಬಿಗೆ ಕೈಹಾಕಿದ. ನಡುವೆ ಹುಲ್ಲು ದುಂಡಗೆ ತಗ್ಗಾಗಿತ್ತು. ಬೂದು ಕೂದಲು ಅಂಟಿತ್ತು, ಅದರ ಜೊತೆ ಬಿಳಿಯ ಎಳೆಗೂದಲು. ತಗ್ಗು ಬೆಚ್ಚಗಿತ್ತು. ಬಕ್ಕಪ್ಪ ಕೈ ಹೊರಗೆ ತೆಗೆಯಲಿಲ್ಲ. ಹುಲ್ಲು ತಣ್ಣಗಾಗುವತನಕ ಅಲ್ಲೇ ಕುಳಿತು ಅತ್ತ.